ಶರೀರ ಒಬ್ಬರದು, ಶಾರೀರ ಇನ್ನೊಬ್ಬರದು

ಸಂಗೀತ ಪ್ರಪಂಚದ ಸುದ್ದಿಗಳಲ್ಲಿ ಹೆಚ್ಚಿನವು ಇಂದು ಪತ್ರಿಕೆಯ ಮೂಲೆಯಲ್ಲಿ ಕಾಣಿಸಿಕೊಂಡು ನಾಳೆ ಮರೆಯಾಗುವಂಥವು. ಅಪರೂಪಕ್ಕೆ ಒಂದು ಸುದ್ದಿ, ಅಳತೆಯಲ್ಲಿ ಚಿಕ್ಕದಾದರೂ, ಬಹುಕಾಲದ ಪ್ರಶ್ನೆಯೊಂದನ್ನು ಮತ್ತೆ ನಮ್ಮೆದುರಿಗೆ ತಂದು ನಿಲ್ಲಿಸುತ್ತದೆ. 2025ರ ನವೆಂಬರ್ ತಿಂಗಳಲ್ಲಿ ಅಮೆರಿಕದ ಗ್ರ್ಯಾಮಿ ಪ್ರಶಸ್ತಿಗಳಿಗೆ ಸೂಚಿತರಾದವರ ಪಟ್ಟಿ ಪ್ರಕಟವಾದಾಗ, ಧ್ವನಿಪುಸ್ತಕಗಳ ವಿಭಾಗದಲ್ಲಿ ಫ್ಯಾಬ್ರಿಸ್ ಮೊರ್ವಾನ್ ಎಂಬ ಹೆಸರು ಕಾಣಿಸಿತು. ತನ್ನ ಬಾಳಿನ ಕಥೆಯನ್ನು ಆತ ತಾನೇ ಓದಿ ಧ್ವನಿಮುದ್ರಿಸಿದ್ದ. ಮೂವತ್ತೈದು ವರ್ಷಗಳ ಹಿಂದೆ, 1990ರ ನವೆಂಬರಿನಲ್ಲಿ, ಇದೇ ಸಂಸ್ಥೆ ಆತನಿಗೂ ಆತನ ಜೊತೆಗಾರನಿಗೂ ಕೊಟ್ಟಿದ್ದ ಪ್ರಶಸ್ತಿಯನ್ನು ಹಿಂದಕ್ಕೆ ಪಡೆದಿತ್ತು. ಅವರ ಹೆಸರಿನಲ್ಲಿ ಲೋಕ ಕೇಳಿ ಮೆಚ್ಚಿದ್ದ ಹಾಡುಗಳಲ್ಲಿ ಅವರ ಧ್ವನಿಯೇ ಇರಲಿಲ್ಲವೆಂಬುದು ಅದಕ್ಕೆ ಕಾರಣ. ಧ್ವನಿಯಿಲ್ಲದವನೆಂದು ನಗೆಪಾಟಲಿಗೀಡಾದವನು ಧ್ವನಿಗಾಗಿಯೇ ಮತ್ತೆ ಪಟ್ಟಿಯಲ್ಲಿ ಸೇರಿದ್ದು ವಿಧಿಯ ವಿನೋದವೆನ್ನಬೇಕು.

ಮೊರ್ವಾನ್ ಮತ್ತು ರಾಬ್ ಪಿಲಾಟಸ್ ಸೇರಿದ ಜೋಡಿಗೆ ಮಿಲಿ ವನಿಲಿ ಎಂದು ಹೆಸರು. ಕುಣಿತಕ್ಕೆಂದೇ ಕಟ್ಟಿದ ಪಾಪ್ ಗೀತೆಗಳು ಅವರ ಬಂಡವಾಳ. ಎರಡೇ ವರ್ಷಗಳಲ್ಲಿ ಅವರು ಏರಿದ ಎತ್ತರ, ಒಂದೇ ವಾರದಲ್ಲಿ ಕುಸಿದ ಆಳ, ಎರಡೂ ಅಸಾಧಾರಣ. ಈ ಪ್ರಕರಣವನ್ನು ಇಬ್ಬರು ಯುವಕರ ವಂಚನೆಯ ಕಥೆಯೆಂದು ಹೇಳಿ ಮುಗಿಸುವುದು ರೂಢಿಯಾಗಿದೆ. ಆದರೆ ಇಲ್ಲಿ ವಂಚನೆ ಯಾವುದು, ಅದನ್ನು ಎಸಗಿದವರು ಯಾರು, ದಂಡ ತೆತ್ತವರು ಯಾರು ಎಂದು ಬೇರೆಬೇರೆಯಾಗಿ ಕೇಳಿಕೊಂಡರೆ ಕಥೆಯ ಬಣ್ಣವೇ ಬದಲಾಗುತ್ತದೆ.

ಈ ಆಟದ ಸೂತ್ರಧಾರ ಜರ್ಮನಿಯ ಫ್ರಾಂಕ್ ಫಾರಿಯನ್. 1941ರಲ್ಲಿ ಹುಟ್ಟಿದ ಈತ ಮೊದಲು ಅಡುಗೆಯ ಕಸಬು ಕಲಿತು, ಆಮೇಲೆ ಗಾಯಕನಾಗಿ, ಕೊನೆಗೆ ಧ್ವನಿಮುದ್ರಿಕೆಗಳ ನಿರ್ಮಾಪಕನಾಗಿ ನೆಲೆಗೊಂಡ. 1975ರಲ್ಲಿ ಕುಣಿತದ ಹಾಡೊಂದನ್ನು ತನ್ನ ಧ್ವನಿಯನ್ನೇ ಹಲವು ಸ್ಥಾಯಿಗಳಲ್ಲಿ ಪದರಪದರವಾಗಿ ಜೋಡಿಸಿ ಮುದ್ರಿಸಿ, ‘ಬೋನಿ ಎಂ.’ ಎಂಬ ಕಲ್ಪಿತ ಹೆಸರಿನಲ್ಲಿ ಹೊರಡಿಸಿದ. ಹಾಡು ಜನಪ್ರಿಯವಾಯಿತು, ದೂರದರ್ಶನದವರು ಮೇಳವನ್ನು ಕಾಣಬಯಸಿದರು. ಇಲ್ಲದ ಮೇಳವನ್ನು ತೋರಿಸುವುದೆಂತು? ಫಾರಿಯನ್ ಮುಖಗಳನ್ನು ಹುಡುಕಿ ತಂದ. ಕೆರಿಬಿಯನ್ ದ್ವೀಪಗಳ ಮೂಲದ ನಾಲ್ವರು ಸೇರಿ ಪ್ರಸಿದ್ಧ ಬೋನಿ ಎಂ. ಮೇಳವಾಯಿತು. ಲಿಜ್ ಮಿಚೆಲ್ ಮತ್ತು ಮಾರ್ಸಿಯಾ ಬ್ಯಾರೆಟ್ ನಿಜವಾಗಿಯೂ ಹಾಡಿದರು. ಮೇಝಿ ವಿಲಿಯಮ್ಸ್ ಮುದ್ರಿಕೆಗಳಲ್ಲಿ ಹಾಡಲಿಲ್ಲ. ರಂಗದ ನಡುವೆ ಬಿರುಗಾಳಿಯಂತೆ ಕುಣಿಯುತ್ತಿದ್ದ ಬಾಬಿ ಫ್ಯಾರೆಲ್ ತುಟಿಯನ್ನಷ್ಟೆ ಆಡಿಸುತ್ತಿದ್ದ. ಮುದ್ರಿಕೆಯಲ್ಲಿ ಕೇಳಿಬರುತ್ತಿದ್ದ ಆ ಗಡುಸು ಗಂಡುದನಿ ಫಾರಿಯನ್ನನದು.

1976ರ ‘ಡ್ಯಾಡಿ ಕೂಲ್’, 1978ರ ‘ರಿವರ್ಸ್ ಆಫ್ ಬ್ಯಾಬಿಲಾನ್’ ಯುರೋಪನ್ನೆಲ್ಲ ಕುಣಿಸಿದವು. 1978ರಲ್ಲಿ ಈ ಮೇಳ ಸೋವಿಯತ್ ಒಕ್ಕೂಟದ ಮಾಸ್ಕೋಗೂ ಹೋಗಿ ಹಾಡಿ ಬಂತು. ಕ್ಯಾಸೆಟ್ಟುಗಳ ಕಾಲದಲ್ಲಿ ನಮ್ಮ ನಗರಗಳ ಯುವಕರಿಗೂ ಆ ಹಾಡುಗಳು ಚಿರಪರಿಚಿತವಾಗಿದ್ದವು. ಫ್ಯಾರೆಲ್ಲನ ಬಾಯಿಂದ ಹೊರಡುತ್ತಿದ್ದುದು ಫ್ಯಾರೆಲ್ಲನ ದನಿಯಲ್ಲವೆಂಬುದು ಕ್ರಮೇಣ ಬಯಲಾಯಿತು. ಕೇಳುಗರು ಅದನ್ನು ಹೆಚ್ಚಾಗಿ ಮನಸ್ಸಿಗೆ ಹಚ್ಚಿಕೊಳ್ಳಲಿಲ್ಲ. ಫಾರಿಯನ್ ಇದರಿಂದ ಕಲಿತ ಪಾಠ ಯಾವುದೆಂದು ಊಹಿಸುವುದು ಕಷ್ಟವಲ್ಲ: ಕಿವಿಗೆ ಒಬ್ಬನನ್ನೂ ಕಣ್ಣಿಗೆ ಇನ್ನೊಬ್ಬನನ್ನೂ ಒದಗಿಸಿದರೆ ಜನ ತಕರಾರೆತ್ತುವುದಿಲ್ಲ.

ಹತ್ತು ವರ್ಷಗಳಲ್ಲಿ ಕಾಲ ಇನ್ನಷ್ಟು ಈ ಕಡೆಗೆ ವಾಲಿತು. 1981ರಲ್ಲಿ ಅಮೆರಿಕದಲ್ಲಿ ಎಂಟಿವಿ ಎಂಬ ಸಂಗೀತ ವಾಹಿನಿ ಪ್ರಾರಂಭವಾಯಿತು. ಅಲ್ಲಿಂದ ಮುಂದೆ ಹಾಡು ಕೇಳುವ ಪದಾರ್ಥವಾಗಿದ್ದಷ್ಟೇ ನೋಡುವ ಪದಾರ್ಥವೂ ಆಯಿತು. ಗಾಯಕನ ಕೊರಳಿನ ಜೊತೆಗೆ ಅವನ ಮೈಕಟ್ಟು, ಕೇಶರಚನೆ, ನಡಿಗೆ, ಉಡುಪು ಇವೆಲ್ಲವೂ ಮಾರಾಟದ ಲೆಕ್ಕಕ್ಕೆ ಸೇರಿದವು. ಒಳ್ಳೆಯ ಕಂಠವಿದ್ದೂ ವಯಸ್ಸು ಮೀರಿದವರು, ರೂಪ ಸಾಲದವರು ಧ್ವನಿಮುದ್ರಣ ಶಾಲೆಯ ಗಾಜಿನ ಹಿಂದೆಯೇ ಉಳಿಯುವ ಪರಿಸ್ಥಿತಿ ಬಂದೊದಗಿತು.

1988ರಲ್ಲಿ ಫ್ರಾಂಕ್‌ಫರ್ಟಿನ ಬಳಿಯಿದ್ದ ತನ್ನ ಶಾಲೆಯಲ್ಲಿ ಫಾರಿಯನ್ ‘ಗರ್ಲ್ ಯು ನೋ ಇಟ್ಸ್ ಟ್ರೂ’ ಎಂಬ ಹಾಡನ್ನು ಹೊಸದಾಗಿ ಮುದ್ರಿಸಿದ. ಅದನ್ನು ಅಮೆರಿಕದ ನ್ಯೂಮಾರ್ಕ್ಸ್ ಎಂಬ ತಂಡ ಹಿಂದಿನ ವರ್ಷ ಹಾಡಿತ್ತು. ಅಮೆರಿಕದ ಸೇನೆಯಲ್ಲಿದ್ದು ಜರ್ಮನಿಯಲ್ಲಿ ನೆಲಸಿದ್ದ ಚಾರ್ಲ್ಸ್ ಷಾ ಮತ್ತು ಜಾನ್ ಡೇವಿಸ್, ಅವರ ಜೊತೆಗೆ ಬ್ರ್ಯಾಡ್ ಹೊವೆಲ್, ಈ ಮೂವರು ಮಿಲಿ ವನಿಲಿಯ ಶಾರೀರ. ಶರೀರವಾಗಿ ಬಂದವರು ಪಿಲಾಟಸ್ ಮತ್ತು ಮೊರ್ವಾನ್. ಪಿಲಾಟಸ್ ಜರ್ಮನಿಯ ಕುಟುಂಬವೊಂದರಲ್ಲಿ ದತ್ತುಮಗನಾಗಿ ಬೆಳೆದವನು. ಮೊರ್ವಾನ್ ಪ್ಯಾರಿಸ್ಸಿನಲ್ಲಿ ಹುಟ್ಟಿದವನು. ಮ್ಯೂನಿಕ್ಕಿನಲ್ಲಿ ಕುಣಿತವನ್ನು ನೆಚ್ಚಿಕೊಂಡಿದ್ದ ಈ ಬಡ ಯುವಕರು ಗಾಯಕರಾಗುವ ಹಂಬಲದಿಂದಲೇ ಒಪ್ಪಂದಕ್ಕೆ ಸಹಿ ಹಾಕಿದರು. ಮುಂಗಡ ಹಣ ಕೈಗೆ ಬಂತು, ಬಟ್ಟೆಬರೆಗೆಂದು ಖರ್ಚೂ ಆಯಿತು. ಹಾಡು ಆಗಲೇ ಸಿದ್ಧವಿದೆ, ನೀವು ತುಟಿಯಾಡಿಸಿದರೆ ಸಾಕು ಎಂಬ ಮಾತು ಬಂದಾಗ ಹಣ ಹಿಂದಿರುಗಿಸುವ ಶಕ್ತಿ ತಮಗಿರಲಿಲ್ಲವೆಂದು ಅವರು ಮುಂದೆ ಹೇಳಿಕೊಂಡಿದ್ದಾರೆ. ಸಾಲದ ಒತ್ತಾಯ ಎಷ್ಟು, ಕೀರ್ತಿಯ ಆಸೆ ಎಷ್ಟು ಎಂದು ಹೊರಗಿನವರಾದ ನಾವು ತೂಗಿ ಹೇಳಲಾರೆವು. ಎರಡೂ ಇದ್ದಿರಬೇಕು.

ಜಾನ್ ಡೇವಿಸ್ ಹೇಳಿಕೊಂಡಂತೆ, ತನ್ನ ಧ್ವನಿ ಯಾರ ಬಾಯಿಗೆ ಸಂದಾಯವಾಯಿತೆಂಬುದು ಆತನಿಗೆ ತಿಳಿದದ್ದು ಒಂದು ಸಂಜೆ ದೂರದರ್ಶನವನ್ನು ನೋಡುತ್ತ ಕುಳಿತಿದ್ದಾಗ. ಕಿವಿಗೆ ಬಿದ್ದುದು ತನ್ನದೇ ಹಾಡು. ಕಣ್ಣಿಗೆ ಬಿದ್ದವನು ಮತ್ತಾರೋ! ಹಾಡುಗಾರನಿಗೆ ಇದಕ್ಕಿಂತ ವಿಚಿತ್ರವಾದ ಪರಕಾಯಪ್ರವೇಶ ಇನ್ನೊಂದಿರಲಾರದು.

1989ರಲ್ಲಿ ಅರಿಸ್ಟಾ ಸಂಸ್ಥೆ ಇವರ ಆಲ್ಬಮ್ಮನ್ನು ಅಮೆರಿಕದಲ್ಲಿ ಬಿಡುಗಡೆ ಮಾಡಿತು. ಅದರ ಹೊದಿಕೆಯ ಮೇಲೆ ಗಾಯಕರೆಂದು ಅಚ್ಚಾಗಿದ್ದುದು ಈ ಇಬ್ಬರ ಹೆಸರು. ಮೂರು ಗೀತೆಗಳು ಅಲ್ಲಿನ ಜನಪ್ರಿಯತೆಯ ಪಟ್ಟಿಯಲ್ಲಿ ಮೊದಲ ಸ್ಥಾನಕ್ಕೇರಿದವು. ಆಲ್ಬಮ್ಮೂ ಅಗ್ರಸ್ಥಾನ ಪಡೆಯಿತು. ಅಮೆರಿಕವೊಂದರಲ್ಲಿಯೇ 60 ಲಕ್ಷ ಪ್ರತಿಗಳ ಮಾರಾಟಕ್ಕೆ ಕೊಡುವ ಮನ್ನಣೆ ಅದಕ್ಕೆ ಸಂದಿತು. 1990ರ ಫೆಬ್ರವರಿ 21ರಂದು ಲಾಸ್ ಏಂಜಲೀಸ್ ನಗರದಲ್ಲಿ, ವರ್ಷದ ಶ್ರೇಷ್ಠ ಹೊಸ ಕಲಾವಿದರೆಂಬ ಗ್ರ್ಯಾಮಿ ಪ್ರಶಸ್ತಿಯನ್ನು ಅವರು ಕೈನೀಡಿ ಸ್ವೀಕರಿಸಿದರು.

ಬಿರುಕು ಅದಕ್ಕೂ ಮೊದಲೇ ಕಂಡಿತ್ತು. 1989ರ ಜುಲೈ ತಿಂಗಳಲ್ಲಿ ಕನೆಕ್ಟಿಕಟ್ ರಾಜ್ಯದ ಬ್ರಿಸ್ಟಲ್ ಊರಿನ ಪ್ರದರ್ಶನದಲ್ಲಿ, ಹಿನ್ನೆಲೆಯ ಮುದ್ರಿಕೆ ಕೆಟ್ಟುಹೋಗಿ ಪಲ್ಲವಿಯ ಒಂದು ತುಣುಕನ್ನೇ ಮತ್ತೆ ಮತ್ತೆ ಉಗ್ಗತೊಡಗಿತು. ಪಿಲಾಟಸ್ ಗಾಬರಿಯಿಂದ ರಂಗವನ್ನು ಬಿಟ್ಟು ಓಡಿದ. ಕುತೂಹಲದ ಸಂಗತಿಯೆಂದರೆ ಅಂದು ಸೇರಿದ್ದ ಜನ ಅದನ್ನು ದೊಡ್ಡದು ಮಾಡಲಿಲ್ಲ. ಅದೇ ವರ್ಷದ ಕೊನೆಯಲ್ಲಿ ಚಾರ್ಲ್ಸ್ ಷಾ ಪತ್ರಿಕೆಯವರೊಡನೆ ನಿಜವನ್ನು ಆಡಿ, ಆಮೇಲೆ ಮಾತನ್ನು ಹಿಂದಕ್ಕೆ ತೆಗೆದುಕೊಂಡ. ಇಷ್ಟಾದರೂ ಪ್ರಶಸ್ತಿ ಬಂತು. ಕಾಣಬೇಕೆಂಬ ಇಚ್ಛೆ ಯಾರಿಗೂ ಇಲ್ಲದಿದ್ದಾಗ ಕಣ್ಣೆದುರಿನ ಬಿರುಕು ಕೂಡ ಕಾಣುವುದಿಲ್ಲ.

ಜೋಡಿ ಒಡೆದದ್ದು ಹೊರಗಿನವರ ಶೋಧದಿಂದಲ್ಲವೆಂಬುದನ್ನು ಗಮನಿಸಬೇಕು. ಎರಡನೆಯ ಆಲ್ಬಮ್ಮಿನಲ್ಲಾದರೂ ತಾವೇ ಹಾಡಬೇಕೆಂದು ಇಬ್ಬರೂ ಹಠ ಹಿಡಿದರು. ಫಾರಿಯನ್ ಒಪ್ಪಲಿಲ್ಲ. 1990ರ ನವೆಂಬರ್ ಮಧ್ಯದಲ್ಲಿ ಆತನೇ ಅವರನ್ನು ಕೈಬಿಟ್ಟು ಗುಟ್ಟನ್ನು ರಟ್ಟುಮಾಡಿದ. ನವೆಂಬರ್ 19ರಂದು ಪ್ರಶಸ್ತಿ ರದ್ದಾಯಿತು. ಮರುದಿನ ಲಾಸ್ ಏಂಜಲೀಸಿನಲ್ಲಿ ಇಬ್ಬರೂ ಪತ್ರಕರ್ತರ ಮುಂದೆ ನಿಂತು ತಪ್ಪನ್ನು ಒಪ್ಪಿಕೊಂಡು, ತಮಗೂ ಹಾಡಲು ಬರುತ್ತದೆಂದು ತೋರಿಸಲು ಅಲ್ಲಿಯೇ ಹಾಡಿದರು. ಅದನ್ನು ಕೇಳುವ ಸಹನೆ ಆಗ ಯಾರಲ್ಲಿಯೂ ಉಳಿದಿರಲಿಲ್ಲ. ಮೋಸಹೋದೆವೆಂದು ಗ್ರಾಹಕರು ನ್ಯಾಯಾಲಯಗಳ ಮೆಟ್ಟಿಲೇರಿದರು. ಕೊಂಡವರಿಗೆ ಪ್ರತಿಯೊಂದಕ್ಕೆ ಕೆಲವೇ ಡಾಲರುಗಳನ್ನು ಹಿಂದಿರುಗಿಸುವಂತೆ ರಾಜಿಯಾಯಿತು. 1993ರಲ್ಲಿ ಇಬ್ಬರೂ ಸ್ವಂತ ಕಂಠದಲ್ಲಿ ಹೊರಡಿಸಿದ ಆಲ್ಬಮ್ ನೆಲಕಚ್ಚಿತು. ಪಿಲಾಟಸ್ ಮಾದಕ ದ್ರವ್ಯಗಳ ಸೆರೆಗೆ ಸಿಕ್ಕಿದ. ಮತ್ತೆ ಫಾರಿಯನ್ನನ ಆಶ್ರಯದಲ್ಲಿಯೇ, ಈ ಸಲ ತಮ್ಮ ದನಿಯಲ್ಲಿ, ಹೊಸ ಪ್ರಯತ್ನವೊಂದು ನಡೆದಿದ್ದಾಗ, 1998ರ ಏಪ್ರಿಲಿನಲ್ಲಿ, ಫ್ರಾಂಕ್‌ಫರ್ಟಿನ ಸಮೀಪದ ಹೋಟೆಲೊಂದರಲ್ಲಿ ಆತ ಸತ್ತುಬಿದ್ದಿದ್ದ. ಮದ್ಯ ಮತ್ತು ಔಷಧಗಳ ಮಿತಿಮೀರಿದ ಸೇವನೆಯೇ ಆ ಆಕಸ್ಮಿಕ ಮರಣಕ್ಕೆ ಕಾರಣವೆಂದು ತಿಳಿದುಬಂತು.

ಕಥೆ ಇಷ್ಟು. ಇಲ್ಲಿನ ಅಪರಾಧ ಯಾವುದು? ಒಬ್ಬ ಹಾಡಿ ಇನ್ನೊಬ್ಬ ಆಡುವುದೇ ಅಪರಾಧವೆಂದು ನಾವು, ಕನ್ನಡಿಗರಂತೂ, ಹೇಳುವಂತಿಲ್ಲ. ಆಂಗಿಕ, ವಾಚಿಕ, ಆಹಾರ್ಯ, ಸಾತ್ತ್ವಿಕವೆಂದು ಅಭಿನಯವನ್ನು ನಾಲ್ಕಾಗಿ ವಿಂಗಡಿಸಿದ ಪರಂಪರೆ ನಮ್ಮದು. ಈ ಅಂಗಗಳೆಲ್ಲ ಒಬ್ಬನೇ ವ್ಯಕ್ತಿಯಲ್ಲಿ ಕೂಡಿರಲೇಬೇಕೆಂಬ ಕಟ್ಟುಪಾಡು ನಮ್ಮ ರಂಗಭೂಮಿಯಲ್ಲಿಲ್ಲ. ಯಕ್ಷಗಾನದಲ್ಲಿ ಪದ ಹಾಡುವವನು ಭಾಗವತ, ಆ ಪದಕ್ಕೆ ಹೆಜ್ಜೆ ಹಾಕುವವನು ವೇಷಧಾರಿ. ಕರ್ಣನ ಅಳಲು ಭಾಗವತನ ಕೊರಳಿನಲ್ಲಿ ಹುಟ್ಟಿ ವೇಷಧಾರಿಯ ಮೈಯಲ್ಲಿ ರೂಪ ತಾಳುವುದನ್ನು ಕಂಡು ಯಾವ ಪ್ರೇಕ್ಷಕನೂ ಮೋಸಹೋದೆನೆಂದು ಎದ್ದು ಹೋಗಿಲ್ಲ. ಚಲನಚಿತ್ರದಲ್ಲಿಯೂ ಹಾಗೆಯೇ. ಬಹುಕಾಲ ರಾಜಕುಮಾರ್ ಅವರ ಪಾತ್ರಗಳಿಗೆ ಪಿ. ಬಿ. ಶ್ರೀನಿವಾಸ್ ಅವರು ಹಾಡಿದರು. 1974ರ ‘ಸಂಪತ್ತಿಗೆ ಸವಾಲ್’ ಚಿತ್ರದಿಂದ ಮುಂದೆ ರಾಜಕುಮಾರ್ ಅವರೇ ತಮ್ಮ ಪಾತ್ರಗಳಿಗೆ ಹಾಡತೊಡಗಿದರು. ನಾಡು ಎರಡನ್ನೂ ಎದೆಗೊತ್ತಿಕೊಂಡಿತು. ಶರೀರ, ಶಾರೀರಗಳ ಆ ಕೂಟದಲ್ಲಿ ಯಾರದು ಯಾವುದೆಂಬುದು ಹಳ್ಳಿಯ ಹುಡುಗನಿಗೂ ಗೊತ್ತಿತ್ತು.

ಹಾಗೆಂದು ನಮ್ಮ ಬೆನ್ನನ್ನು ನಾವೇ ಚಪ್ಪರಿಸಿಕೊಳ್ಳಬೇಕಾಗಿಲ್ಲ. ಹಿನ್ನೆಲೆ ಗಾಯಕರ ಹೆಸರು ನಮ್ಮಲ್ಲಿಯೂ ತಾನಾಗಿ ಬೆಳಕಿಗೆ ಬರಲಿಲ್ಲ. 1949ರ ‘ಮಹಲ್’ ಎಂಬ ಹಿಂದಿ ಚಿತ್ರದ ಪ್ರಸಿದ್ಧ ಗೀತೆಯ ಮುದ್ರಿಕೆಯ ಮೇಲೆ ಗಾಯಕಿಯ ಸ್ಥಾನದಲ್ಲಿ ಅಚ್ಚಾಗಿದ್ದುದು ‘ಕಾಮಿನಿ’ ಎಂದು. ಅದು ಮಧುಬಾಲಾ ಅವರು ಅಭಿನಯಿಸಿದ ಪಾತ್ರದ ಹೆಸರು. ಹಾಡಿದವರು ಯಾರೆಂದು ರೇಡಿಯೋ ಕೇಳುಗರು ಪಟ್ಟುಹಿಡಿದು ವಿಚಾರಿಸಿದ ಮೇಲೆ ಲತಾ ಮಂಗೇಶ್ಕರ್ ಎಂಬ ಹೆಸರು ದೇಶಕ್ಕೆ ತಿಳಿಯಿತು. ಗಾಯಕರಿಗೆ ಹೆಸರು ದಕ್ಕಿದ್ದು ಕೇಳುಗರ ಕುತೂಹಲದಿಂದ ಮತ್ತು ಗಾಯಕರ ಸ್ವಾಭಿಮಾನದಿಂದ.

ಆದ್ದರಿಂದ ತಪ್ಪಿರುವುದು ದೇಹ ಮತ್ತು ದನಿಗಳನ್ನು ಬೇರ್ಪಡಿಸಿದುದರಲ್ಲಿ ಅಲ್ಲ, ಹೆಸರನ್ನು ಅಳಿಸಿದುದರಲ್ಲಿ. ಷಾ, ಡೇವಿಸ್, ಹೊವೆಲ್ ಎಂಬ ಮೂರು ಹೆಸರುಗಳು ಗಾಯಕರೆಂದು ಮುದ್ರಿಕೆಯ ಹೊದಿಕೆಯ ಮೇಲೆ ಇದ್ದಿದ್ದರೆ, ಮಿಲಿ ವನಿಲಿ ಹಾಡುವವರೂ ಕುಣಿಯುವವರೂ ಕೂಡಿದ ಒಂದು ಮೇಳವಾಗಿ ಬಾಳಬಹುದಾಗಿತ್ತು. ಹಾಡು ಇಂಪಾಗಿದ್ದ ಮೇಲೆ ಯಾರು ಹಾಡಿದರೇನು, ಕೊಂಡವನಿಗೆ ನಷ್ಟವೇನು ಎಂದು ಕೆಲವರು ವಾದಿಸುವುದುಂಟು. ಕೊಂಡವನಿಗೆ ನಷ್ಟವಾಗದಿರಬಹುದು. ಹಾಡಿದವನಿಗೆ ಆದ ನಷ್ಟಕ್ಕೆ ಏನು ಹೇಳೋಣ? ಆ ವರ್ಷ ಅದೇ ಪ್ರಶಸ್ತಿಗೆ ಸೂಚಿತರಾಗಿದ್ದ ನೆನೆ ಚೆರ್ರಿ, ಇಂಡಿಗೊ ಗರ್ಲ್ಸ್ ಮೊದಲಾದವರ ನಷ್ಟಕ್ಕೆ ಏನು ಹೇಳೋಣ? ರದ್ದಾದ ಪ್ರಶಸ್ತಿ ಅವರಲ್ಲಿ ಯಾರಿಗೂ ಸಲ್ಲಲಿಲ್ಲ. ಆ ಸ್ಥಾನ ಬರಿದಾಗಿಯೇ ಉಳಿಯಿತು.

ಇನ್ನು ದಂಡದ ಮಾತು. ಪ್ರಶಸ್ತಿಯನ್ನು ಸ್ವೀಕರಿಸಿದ ಕೈಗಳು ನಿರ್ದೋಷಿಗಳಲ್ಲ, ನಿಜ. ಸಂದರ್ಶನಗಳಲ್ಲಿ ಹಾಡು ತಮ್ಮದೆಂದು ಹೇಳಿಕೊಂಡ ಬಾಯಿಗಳೂ ನಿರ್ದೋಷಿಗಳಲ್ಲ. ಆದರೆ ಯೋಜನೆಯನ್ನು ಹೂಡಿದವನ ಪಾಡೇನು? ಫಾರಿಯನ್ 1991ರಲ್ಲಿ ಅದೇ ಗಾಯಕರನ್ನು ‘ನಿಜವಾದ ಮಿಲಿ ವನಿಲಿ’ ಎಂಬ ಅರ್ಥದ ಹೆಸರಿನಲ್ಲಿ ಮಾರುಕಟ್ಟೆಗೆ ತಂದ. ಕೆಲವು ವರ್ಷಗಳ ಬಳಿಕ ಲಾ ಬೂಶ್ ಎಂಬ ಇನ್ನೊಂದು ಕುಣಿತದ ಮೇಳವನ್ನು ಕಟ್ಟಿ ಮತ್ತೆ ಯಶಸ್ವಿಯಾದ. 2024ರ ಜನವರಿಯಲ್ಲಿ ತೀರಿಕೊಂಡಾಗ ಬಹುದೊಡ್ಡ ನಿರ್ಮಾಪಕನೆಂದು ಲೋಕ ಆತನನ್ನು ನೆನೆಯಿತು. ಲಾಭ ಪಡೆದ ವಾಣಿಜ್ಯ ಸಂಸ್ಥೆಗಳು ಕೆಲವು ಡಾಲರುಗಳನ್ನು ಹಿಂದಿರುಗಿಸಿ ಕೈತೊಳೆದುಕೊಂಡವು. ಜನರ ನಗೆ, ತಿರಸ್ಕಾರಗಳೆಲ್ಲ ಕಣ್ಣಿಗೆ ಕಾಣುತ್ತಿದ್ದ ಇಬ್ಬರ ಮೇಲೆ ಬಿದ್ದವು. ಬೊಂಬೆಯಾಟ ಹಳಸಿದಾಗ ಬೊಂಬೆಗಳನ್ನು ಬೆಂಕಿಗೆ ಹಾಕಿ, ಆಡಿಸಿದವನಿಗೆ ಹೊಸ ಬೊಂಬೆಗಳನ್ನು ಒದಗಿಸಿದಂತಾಯಿತು. ಮುಖವನ್ನು ಮಾರಿದವರಿಗಿಂತ ಮುಖವೇ ಹೆಚ್ಚು ದೋಷಿಯೆನ್ನುವ ನ್ಯಾಯ ಎಂಥ ನ್ಯಾಯ!

ಇದೇ ಹೊತ್ತಿನಲ್ಲಿ ಇನ್ನೊಂದು ಹಾದಿಯೂ ತೆರೆಯಿತು. ಅಮೆರಿಕದ ಮಾರ್ಥಾ ವಾಷ್ ಎಂಬ ಗಾಯಕಿಯ ಘನವಾದ ಕಂಠವನ್ನು 1990ರ ಸುಮಾರಿಗೆ ಬ್ಲ್ಯಾಕ್ ಬಾಕ್ಸ್, ಸಿ ಪ್ಲಸ್ ಸಿ ಮ್ಯೂಸಿಕ್ ಫ್ಯಾಕ್ಟರಿ ಎಂಬ ಕುಣಿತದ ಮೇಳಗಳು ಬಳಸಿಕೊಂಡು, ಚಿತ್ರಗಳಲ್ಲಿ ತೆಳುಮೈಯ ಬೇರೆ ತರುಣಿಯರು ಹಾಡಿದಂತೆ ತೋರಿಸಿದವು. ಆಕೆ ಮರುಗುತ್ತ ಕೂಡಲಿಲ್ಲ, ನ್ಯಾಯಾಲಯಕ್ಕೆ ಹೋದರು. ಆ ಹೋರಾಟದ ಫಲವಾಗಿ, ಹಾಡಿದವರ ಹೆಸರನ್ನು ಮುದ್ರಿಕೆಗಳಲ್ಲಿ ನಮೂದಿಸಬೇಕೆಂಬ ನಿಯಮ ಆ ಉದ್ಯಮದಲ್ಲಿ ಬೇರೂರಲು ಸಹಾಯವಾಯಿತು. ಪಶ್ಚಾತ್ತಾಪದ ಸಭೆಗಳಿಂದ ಆಗದಿದ್ದುದು ಒಬ್ಬ ಹಾಡುಗಾರ್ತಿಯ ಹಕ್ಕೊತ್ತಾಯದಿಂದ ಆಯಿತು.

ಹಳೆಯ ಕಥೆಯನ್ನು ಈಗ ಕೆದಕುವುದೇಕೆಂದು ವಾಚಕರು ಕೇಳಬಹುದು. ಫಾರಿಯನ್ನನ ಕಾಲದಲ್ಲಿ ಮುಖದ ಹಿಂದೆ ಹಾಡುವವನೊಬ್ಬ ಇರಲೇಬೇಕಾಗಿತ್ತು. ಇಂದು ಆ ಅಗತ್ಯವೂ ತಪ್ಪಿದೆ. 2023ರ ಏಪ್ರಿಲಿನಲ್ಲಿ, ಡ್ರೇಕ್ ಮತ್ತು ದಿ ವೀಕೆಂಡ್ ಎಂಬ ಪ್ರಸಿದ್ಧ ಗಾಯಕರ ಧ್ವನಿಗಳನ್ನು ಕೃತಕ ಬುದ್ಧಿಮತ್ತೆಯಿಂದ ಅನುಕರಿಸಿದ ಹಾಡೊಂದು ಅವರ ಅರಿವಿಲ್ಲದೆಯೇ ಲೋಕವನ್ನೆಲ್ಲ ಸುತ್ತಿತು. 2024ರಲ್ಲಿ ಅಮೆರಿಕದ ಟೆನ್ನೆಸಿ ರಾಜ್ಯ ಧ್ವನಿಯ ಇಂಥ ಅನುಕರಣೆಯ ವಿರುದ್ಧ ಶಾಸನ ಮಾಡಿತು. ಅದೇ ವರ್ಷ ಮುಂಬಯಿಯ ಉಚ್ಚ ನ್ಯಾಯಾಲಯ ಗಾಯಕ ಅರಿಜಿತ್ ಸಿಂಗ್ ಅವರ ಧ್ವನಿಯನ್ನು ಹೀಗೆ ಬಳಸಿಕೊಳ್ಳದಂತೆ ತಡೆ ವಿಧಿಸಿತು.

ನಮ್ಮ ನೆರೆಯಲ್ಲಿಯೇ 2024ರಲ್ಲಿ ನಡೆದ ಎರಡು ಸಂಗತಿಗಳನ್ನು ಅಕ್ಕಪಕ್ಕದಲ್ಲಿಟ್ಟು ನೋಡಬಹುದು. ‘ಲಾಲ್ ಸಲಾಂ’ ಎಂಬ ತಮಿಳು ಚಿತ್ರದ ಗೀತೆಯೊಂದಕ್ಕೆ ಎ. ಆರ್. ರಹಮಾನ್ ಅವರು ದಿವಂಗತರಾದ ಇಬ್ಬರು ಗಾಯಕರ ಧ್ವನಿಗಳನ್ನು ಯಂತ್ರದ ಮೂಲಕ ಮರುಸೃಷ್ಟಿಸಿದರು. ಕುಟುಂಬದವರ ಒಪ್ಪಿಗೆ ಪಡೆದು, ತಕ್ಕ ಸಂಭಾವನೆ ಕೊಟ್ಟು, ಮಾಡಿದುದನ್ನು ಬಹಿರಂಗವಾಗಿ ಹೇಳಿದರು. ತೆಲುಗು ಚಿತ್ರವೊಂದರಲ್ಲಿ ಎಸ್. ಪಿ. ಬಾಲಸುಬ್ರಹ್ಮಣ್ಯಂ ಅವರ ಧ್ವನಿಯನ್ನು ಅನುಮತಿಯಿಲ್ಲದೆ ಹೀಗೆ ಬಳಸಿದರೆಂದು ಅವರ ಪುತ್ರ ಚರಣ್ ಅವರು ನಿರ್ಮಾಪಕರಿಗೆ ನೋಟೀಸು ಕೊಡಬೇಕಾಯಿತು. ಕನ್ನಡಿಗರ ಮನೆಮನೆಯಲ್ಲಿ ಅರ್ಧ ಶತಮಾನ ಬೆಳಗು ಬೈಗು ಕೇಳಿಸಿದ ಕಂಠ ಅದು. ಈ ಪ್ರಶ್ನೆ ಇನ್ನು ಪರದೇಶದ್ದಲ್ಲ. ಯಂತ್ರ ಎರಡೂ ಕಡೆ ಒಂದೇ ಬಗೆಯದು. ಒಂದು ಕಡೆ ಕೇಳಿ, ಕೊಟ್ಟು, ಹೇಳಿ ಮಾಡಿದರು. ಇನ್ನೊಂದು ಕಡೆ ಹಾಗೆ ಮಾಡಲಿಲ್ಲವೆಂಬುದೇ ದೂರು.

ನಮ್ಮ ವಚನಕಾರರೂ ಹರಿದಾಸರೂ ತಮ್ಮ ರಚನೆಗಳ ಕೊನೆಯಲ್ಲಿ ಅಂಕಿತವನ್ನು ಇಟ್ಟರು. ಅದು ದೇವರ ಹೆಸರಾದರೂ, ಈ ಮಾತು ಯಾವ ಎದೆಯಿಂದ ಹೊರಟಿತೆಂಬುದಕ್ಕೆ ಗುರುತಾಗಿ ನಿಂತಿದೆ. ಬಾಯಿಂದ ಬಾಯಿಗೆ ಹರಿದುಬಂದ ಸಾವಿರಾರು ರಚನೆಗಳನ್ನು ನಾವು ಇಂದಿಗೂ ಒಡೆಯರಿಗೆ ಒಪ್ಪಿಸಬಲ್ಲೆವಾದರೆ ಬಹುಮಟ್ಟಿಗೆ ಆ ಗುರುತಿನ ಬಲದಿಂದ. ಯಾರು ಬೇಕಾದರೂ ಹಾಡಲಿ, ಯಾರು ಬೇಕಾದರೂ ಕುಣಿಯಲಿ. ಅಂಕಿತವನ್ನು ಮಾತ್ರ ಅಳಿಸಬಾರದು. ಸಂಗೀತದ ವ್ಯಾಪಾರ ಕಲಿಯಬೇಕಾಗಿರುವ ಪಾಠ ಇಷ್ಟೇ.

ಮೊರ್ವಾನ್ ಮತ್ತು ಜಾನ್ ಡೇವಿಸ್ ಈ ಪಾಠವನ್ನು ತಮ್ಮಷ್ಟಕ್ಕೆ ತಾವೇ ಕಲಿತರು. ವಂಚನೆ ಬಯಲಾಗಿ ಎರಡು ದಶಕಗಳು ಕಳೆದ ಮೇಲೆ, ಮುಖ ಧ್ವನಿಯನ್ನು ಸಂಧಿಸಿತೆಂಬ ಅರ್ಥದ ಹೆಸರಿಟ್ಟುಕೊಂಡು ಇಬ್ಬರೂ ಒಂದೇ ವೇದಿಕೆಯ ಮೇಲೆ ನಿಂತು ಹಾಡಿದರು. ಡೇವಿಸ್ 2021ರ ಮೇ ತಿಂಗಳಲ್ಲಿ ಕೋವಿಡ್ ಸಾಂಕ್ರಾಮಿಕಕ್ಕೆ ಬಲಿಯಾದ. ಧ್ವನಿಪುಸ್ತಕದ ಪ್ರಶಸ್ತಿ 2026ರ ಫೆಬ್ರವರಿಯಲ್ಲಿ ದಲೈ ಲಾಮಾ ಅವರಿಗೆ ಸಂದಿತು. ಮೊರ್ವಾನ್ ಬರಿಗೈಯಲ್ಲಿ ಮರಳಿದ. ಆದರೆ ಈ ಸಲ ಅವನಿಗೆ ತಪ್ಪಿದ ಪ್ರಶಸ್ತಿ ಅವನ ಸ್ವಂತ ಧ್ವನಿಗೆ ತಪ್ಪಿದ್ದು. ಕೈಸೇರಿದ್ದ ಹಿಂದಿನ ಪ್ರಶಸ್ತಿಗಿಂತ ಇದೇ ಹೆಚ್ಚು ಅವನದಾಗಿತ್ತು.